ಮನೆಯ ಕಂಪ್ಯೂಟರಿಗೆ ಆಂಟಿವೈರಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಹೆಚ್ಚಿನಂಶ ವಿಂಡೋಸ್ 10 ಮತ್ತು 11ರ ವಿಚಾರ. ಮೆನು, ಬಟನ್‌ಗಳ ಹೆಸರನ್ನು ಇಂಗ್ಲಿಷ್ ವಿಂಡೋಸ್‌ನಲ್ಲಿ ಕಾಣುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ. ಹುಡುಕಿಕೊಳ್ಳಲು ಅದೇ ಸುಲಭ.

ಹೊಸ ಲ್ಯಾಪ್‌ಟಾಪ್ ತಗೊಂಡರೆ ಅಂಗಡಿಯವರು ಆಂಟಿವೈರಸ್ ಹಾಕಿಸಲೇಬೇಕು ಅನ್ನುತ್ತಾರೆ. ನಿಜವಾಗಿಯೂ ಬೇಕೇ?

ಬಹುತೇಕ ಮನೆಗಳಿಗೆ ಬೇಡ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತಿದೆ. ಅದಕ್ಕೆ ಲೈಸೆನ್ಸ್ ಕೀ ಬೇಡ, ನೋಂದಣಿ ಬೇಡ, ವರ್ಷ ತುಂಬಿದ ಮೇಲೆ ನವೀಕರಣದ ಶುಲ್ಕವೂ ಇಲ್ಲ. ಬೇರೆ ಯಾವ ಆಂಟಿವೈರಸ್ಸೂ ಇಲ್ಲದಿದ್ದರೆ ತಾನೇ ಚಾಲೂ ಆಗಿರುತ್ತದೆ.

‘ಬಿಟ್ಟಿ ಸಿಗುವುದು ಹೇಗೆ ಚೆನ್ನಾಗಿರಲು ಸಾಧ್ಯ’ ಎಂಬ ಅನುಮಾನಕ್ಕೆ ಹಳೆಯ ಕಾರಣವೊಂದಿದೆ. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಕೊಟ್ಟಿದ್ದ ಸೆಕ್ಯೂರಿಟಿ ಎಸೆನ್ಷಿಯಲ್ಸ್ ಎಷ್ಟು ಸಪ್ಪೆಯಾಗಿತ್ತೆಂದರೆ, 2012ರ ಕೊನೆಯಲ್ಲಿ ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್ ಪ್ರಯೋಗಾಲಯ ಅದಕ್ಕೆ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಇವತ್ತಿನ ಡಿಫೆಂಡರ್ ಅದೇ ಪ್ರಯೋಗಾಲಯದ ಪಟ್ಟಿಯಲ್ಲಿ ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ಕೂರುತ್ತದೆ. ಅಂಗಡಿಯವರ ಮಾತು ಮಾತ್ರ 2012ರಲ್ಲೇ ನಿಂತಿದೆ. ಬಾಕ್ಸ್ ಮಾರಿದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ, ತಪ್ಪೇನಿಲ್ಲ, ಆದರೆ ನಿಮಗೆ ಅದು ಕಡ್ಡಾಯವಲ್ಲ.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳಬೇಕಾದವರು ಯಾರು?

ದಿನಾ ಹತ್ತು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಕಂಪ್ಯೂಟರ್ ಇರುವವರು. ಮನೆಯಲ್ಲೇ ಟ್ಯಾಲಿ ಇಟ್ಟುಕೊಂಡು ನಾಲ್ಕಾರು ವ್ಯಾಪಾರಿಗಳ ಲೆಕ್ಕ ಬರೆಯುವವರು. ಮಕ್ಕಳ ಬಳಕೆಯ ಮೇಲೆ ವಿವರವಾದ ಹಿಡಿತ ಬೇಕೆನ್ನುವವರು. ಮತ್ತೆ, ತೊಂದರೆ ಬಂದಾಗ ಫೋನ್ ಮಾಡಿ ಕೇಳಲು ಒಬ್ಬರು ಇರಲೇಬೇಕು ಎನ್ನುವ ಹಿರಿಯರು. ನಮ್ಮ ಪ್ರಕಾರ ಈ ಕೊನೆಯದೇ ಎಲ್ಲಕ್ಕಿಂತ ಗಟ್ಟಿ ಕಾರಣ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಇವೆಲ್ಲ ನಮ್ಮ ಅಂಗಡಿಗಳಲ್ಲಿ ಇಷ್ಟು ಓಡುವುದಕ್ಕೆ ಕಾರಣ ತಂತ್ರಜ್ಞಾನ ಒಂದೇ ಅಲ್ಲ, ಊರಲ್ಲೇ ಕೈಗೆ ಸಿಗುವ ಮಾರಾಟಗಾರರೂ ಹೌದು.

ಕೊಳ್ಳುವುದೇ ಆದರೆ ಏನೇನು ನೋಡಬೇಕು?

ಮೊದಲು ಪರೀಕ್ಷೆಯ ಫಲಿತಾಂಶ. ಎವಿ-ಟೆಸ್ಟ್ ಮೂರು ವಿಷಯಗಳಿಗೆ ತಲಾ 6 ಅಂಕ ಕೊಡುತ್ತದೆ: ರಕ್ಷಣೆ, ಕಂಪ್ಯೂಟರಿನ ವೇಗ, ಬಳಕೆಯ ಅನುಕೂಲ. ಒಟ್ಟು 18. ಹೆಚ್ಚಿನವರು ರಕ್ಷಣೆಯ ಅಂಕವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಅಲ್ಲಿ ಬಹುಪಾಲು ಹೆಸರಾಂತ ಉತ್ಪನ್ನಗಳಿಗೆ 5.5 ಅಥವಾ 6 ಬಂದಿರುವುದರಿಂದ ಅದರಿಂದ ಏನೂ ತಿಳಿಯುವುದಿಲ್ಲ. 4 ಜಿ.ಬಿ. ರ‍್ಯಾಮ್‌ನ ಹಳೆಯ ಕಂಪ್ಯೂಟರ್ ಇದ್ದವರು ವೇಗದ ಅಂಕ ನೋಡಬೇಕು. ಮೂರನೆಯ ಅಂಕ, ಒಳ್ಳೆಯ ಫೈಲನ್ನು ವೈರಸ್ ಎಂದು ಎಷ್ಟು ಸಲ ಸುಳ್ಳೇ ಕೂಗಿತು ಎಂಬುದರದು. ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪಾರೆಟಿವ್ಸ್ ಕೂಡ ವೇಗದ ಪರೀಕ್ಷೆಯನ್ನು ಬೇರೆಯಾಗಿಯೇ ನಡೆಸುತ್ತದೆ. ಎರಡೂ ಕಡೆಯ ಫಲಿತಾಂಶ ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದೇ ಸುತ್ತಿನ ಅಂಕ ನಂಬಬೇಡಿ, ಹಿಂದಿನ ಎರಡು ಮೂರು ಸುತ್ತುಗಳನ್ನು ಒಟ್ಟಿಗೆ ಇಟ್ಟು ನೋಡಿ.

ಆಮೇಲೆ ಬಿಲ್ಲಿನ ವಿಷಯ. ಎಷ್ಟು ಸಾಧನಗಳಿಗೆ, ಎಷ್ಟು ವರ್ಷಕ್ಕೆ ಎಂಬುದು ಬಾಕ್ಸ್ ಮೇಲೆಯೇ ಇರುತ್ತದೆ. ಮೊದಲ ವರ್ಷದ ಬೆಲೆ ಅಗ್ಗ, ಎರಡನೇ ವರ್ಷದ್ದು ದುಬಾರಿ ಎಂಬುದು ಈ ವ್ಯಾಪಾರದ ಹಳೇ ಪಟ್ಟು. ಆನ್‌ಲೈನ್‌ನಲ್ಲಿ ಕಾರ್ಡ್ ಕೊಟ್ಟು ಕೊಂಡರೆ ‘ಆಟೋ ರಿನ್ಯೂವಲ್’ ಟಿಕ್ ಆಗಿರುತ್ತದೆ. ಕೊಂಡ ದಿನವೇ ಖಾತೆಗೆ ಹೋಗಿ ಅದನ್ನು ತೆಗೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಹಣ ಕಡಿತವಾಗುವ 24 ಗಂಟೆ ಮೊದಲಾದರೂ ಬ್ಯಾಂಕಿನಿಂದ ಸಂದೇಶ ಬರಬೇಕು, ಅದರಿಂದಲೇ ರದ್ದು ಮಾಡಲೂ ಬರುತ್ತದೆ. ಮೆಸೇಜ್ ಓದದೆ ಅಳಿಸುವ ಅಭ್ಯಾಸ ಇದ್ದರೆ ಆ ರಕ್ಷಣೆ ದಂಡ.

ಅರ್ಧಕ್ಕರ್ಧ ಬೆಲೆಗೆ ಬರೀ ಕೀ ಮಾರುವವರಿಂದ ದೂರವಿರಿ. ಬೇರೆ ದೇಶಕ್ಕೆಂದು ಬಿಟ್ಟ ಕೀ ಇಲ್ಲಿ ಚಾಲೂ ಆಗದಿರಬಹುದು, ಹತ್ತು ಜನರಿಗೆ ಮಾರಿದ ಕೀ ಮಧ್ಯದಲ್ಲೇ ರದ್ದಾಗಬಹುದು.

ಎರಡು ಆಂಟಿವೈರಸ್ ಹಾಕಿಕೊಂಡರೆ ರಕ್ಷಣೆ ಎರಡು ಪಟ್ಟು ಆಗುವುದಿಲ್ಲವೇ?

ಇಲ್ಲ, ಕಂಪ್ಯೂಟರ್ ಎರಡು ಪಟ್ಟು ನಿಧಾನ ಆಗುತ್ತದೆ. ನೀವು ಒಂದು ಫೈಲ್ ತೆರೆದ ಕೂಡಲೇ ಆಂಟಿವೈರಸ್ ಅದನ್ನು ಬಾಗಿಲಲ್ಲೇ ತಡೆದು ನೋಡಿ ಆಮೇಲೆ ಒಳಗೆ ಬಿಡುತ್ತದೆ. ಬಾಗಿಲಲ್ಲಿ ಇಬ್ಬರು ಕಾವಲುಗಾರರಿದ್ದರೆ ಇವನು ತೆರೆದದ್ದನ್ನು ಅವನು ತಡೆಯುತ್ತಾನೆ, ಅವನು ಮುಟ್ಟಿದ್ದನ್ನು ಇವನು ತಡೆಯುತ್ತಾನೆ. ಕೆಲವೊಮ್ಮೆ ವಿಂಡೋಸ್ ಅಲ್ಲೇ ಹೆಪ್ಪುಗಟ್ಟುತ್ತದೆ. ಈ ತಂಟೆ ಬೇಡವೆಂದೇ, ಬೇರೆ ಆಂಟಿವೈರಸ್ ಬಂದ ತಕ್ಷಣ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ.

ಅನುಮಾನ ಬಂದಾಗ ಇನ್ನೊಬ್ಬರ ಅಭಿಪ್ರಾಯ ಕೇಳಬಹುದು. ಸದಾ ಕಾವಲು ಕಾಯದೆ, ಕರೆದಾಗ ಮಾತ್ರ ಬಂದು ನೋಡುವ ಸ್ಕ್ಯಾನರ್‌ಗಳಿವೆ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಅಂಥದ್ದು. ಮೈಕ್ರೋಸಾಫ್ಟ್‌ನದೇ ಸೇಫ್ಟಿ ಸ್ಕ್ಯಾನರ್ ಇನ್ನೊಂದು. ಇದು ಡೌನ್‌ಲೋಡ್ ಮಾಡಿದ 10 ದಿನಕ್ಕೆ ಅವಧಿ ಮುಗಿಸುತ್ತದೆ, ಬೇಕಾದಾಗ ಹೊಸದಾಗಿ ಇಳಿಸಿಕೊಳ್ಳಬೇಕು. ಆರು ತಿಂಗಳ ಹಿಂದಿನ ವೈರಸ್ ಪಟ್ಟಿ ಹಿಡಿದು ಯಾರೂ ಸ್ಕ್ಯಾನ್ ಮಾಡದಿರಲಿ ಎಂದೇ ಹಾಗೆ ಮಾಡಿದ್ದಾರೆ.

ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಮುಗಿದಿದೆ. ಹಾಗೇ ಬಿಟ್ಟರೆ ಏನಾಗುತ್ತದೆ?

ಮನೆ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ತೂತು ಇದೇ. ಅವಧಿ ಮುಗಿದ ಆಂಟಿವೈರಸ್ ಅಪ್‌ಡೇಟ್ ತರುವುದಿಲ್ಲ, ಆದರೆ ಜಾಗ ಬಿಟ್ಟು ಏಳುವುದೂ ಇಲ್ಲ. ಅದು ಕೂತಿರುವವರೆಗೆ ಡಿಫೆಂಡರ್ ಪೂರ್ತಿ ಕೆಲಸಕ್ಕೆ ಇಳಿಯುತ್ತದೆ ಎಂಬ ಭರವಸೆ ಇಲ್ಲ. ಕೊಳ್ಳುವ ಯೋಚನೆ ಇಲ್ಲದಿದ್ದರೆ ಕಿತ್ತುಹಾಕಿ.

ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಕೊಡಿ. ಮೆಕಾಫಿ, ನಾರ್ಟನ್‌ನಂಥವು ಇಷ್ಟಕ್ಕೆ ಪೂರ್ತಿ ಹೋಗದಿದ್ದರೆ ಆಯಾ ಕಂಪನಿಯ ಜಾಲತಾಣದಲ್ಲೇ ಅದನ್ನು ಬುಡಸಮೇತ ತೆಗೆಯುವ ಚಿಕ್ಕ ಸಾಧನ ಸಿಗುತ್ತದೆ. ಅದನ್ನು ನಡೆಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಬಳಿಕ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯೂರಿಟಿ’ ಎಂದು ಹುಡುಕಿ ತೆರೆದು, ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಮೇಲೆ ಹಸಿರು ಗುರುತು ಬಂದಿದೆಯೇ ನೋಡಿ. ಈ ಕೊನೆಯ ಹೆಜ್ಜೆಯನ್ನು ಬಿಡಬೇಡಿ.

ಬೇರೆ ಕಂಪನಿಗಳ ಉಚಿತ ಆಂಟಿವೈರಸ್ ಹಾಕಬಹುದೇ?

ವೈರಸ್ ಹಿಡಿಯುವುದರಲ್ಲಿ ಹಲವು ಚೆನ್ನಾಗಿಯೇ ಇವೆ. ಪ್ರಶ್ನೆ, ಅವು ಹೊಟ್ಟೆ ಹೊರೆಯುವುದು ಹೇಗೆ ಎಂಬುದು. ಅವಾಸ್ಟ್ ಕಂಪನಿ ಬಳಕೆದಾರರು ಯಾವ ಯಾವ ತಾಣಕ್ಕೆ ಹೋದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಉಚಿತ ಡಿಫೆಂಡರ್ ಒಳಗೇ ಇರುವಾಗ ಇನ್ನೊಂದು ಉಚಿತದ ಹಿಂದೆ ಹೋಗಲು ನಮಗೆ ಕಾರಣ ಕಾಣುವುದಿಲ್ಲ.

ರಷ್ಯಾದ ಆಂಟಿವೈರಸ್ ಕ್ಯಾಸ್ಪರ್‌ಸ್ಕಿಯ ಬಗ್ಗೆಯೂ ಕೇಳುತ್ತಿರುತ್ತಾರೆ. ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅದನ್ನು ನಿಷೇಧಿಸಿತು, 2024ರ ಸೆಪ್ಟೆಂಬರ್ 29ರಿಂದ ಅಲ್ಲಿ ಅಪ್‌ಡೇಟ್ ಕೂಡ ನಿಂತಿದೆ. ಅಮೆರಿಕದಲ್ಲಿರುವ ಮಗಳಿಗೋ ಮಗನಿಗೋ ಇಲ್ಲಿಂದ ಕೀ ಕೊಂಡು ಕಳಿಸುವ ಯೋಚನೆ ಇದ್ದರೆ ಬಿಡಿ. ಆ ಆದೇಶ ಆ ದೇಶಕ್ಕೆ ಸೀಮಿತ.

‘ಅಪ್‌ಡೇಟ್’ ಅಂದರೆ ನಿಜಕ್ಕೂ ಏನು ಬದಲಾಗುತ್ತದೆ?

ಮೂರು ಬೇರೆ ಬೇರೆ ಸಂಗತಿಗಳು ಈ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಒಂದು, ವೈರಸ್‌ಗಳ ಗುರುತಿನ ಪಟ್ಟಿ, ಅಂದರೆ ಡೆಫಿನಿಷನ್. ಡಿಫೆಂಡರ್‌ಗೆ ಇದು ದಿನಕ್ಕೆ ಹಲವು ಬಾರಿ ಬರುತ್ತದೆ. ಮೈಕ್ರೋಸಾಫ್ಟ್ ಈಗ ಇದನ್ನು ‘ಸೆಕ್ಯೂರಿಟಿ ಇಂಟೆಲಿಜೆನ್ಸ್’ ಎಂದು ಕರೆಯುತ್ತದೆ. ಎರಡು, ಆ ಪಟ್ಟಿ ಹಿಡಿದು ಫೈಲುಗಳನ್ನು ನೋಡುವ ಎಂಜಿನ್. ಮೂರು, ಇಡೀ ಪ್ರೋಗ್ರಾಮಿನ ಆವೃತ್ತಿ. ಈ ಕೊನೆಯ ಎರಡು ಸುಮಾರಾಗಿ ತಿಂಗಳಿಗೊಮ್ಮೆ ಬದಲಾಗುತ್ತವೆ. ಪಟ್ಟಿ ಹೊಸದಿದ್ದು ಎಂಜಿನ್ ತೀರಾ ಹಳೆಯದಾದರೆ, ಪೊಲೀಸ್ ಠಾಣೆಯಲ್ಲಿ ಹೊಸ ಫೋಟೋ ಅಂಟಿಸಿ ಕನ್ನಡಕ ಇಲ್ಲದ ಪೇದೆಯನ್ನು ಗಸ್ತಿಗೆ ಕಳಿಸಿದಂತೆ.

ಇವುಗಳಿಗಿಂತ ಹೊರಗೆ ವಿಂಡೋಸ್ ಅಪ್‌ಡೇಟ್ ಇದೆ. ಆಂಟಿವೈರಸ್ ಕಳ್ಳನನ್ನು ಗುರುತಿಸುತ್ತದೆ, ವಿಂಡೋಸ್ ಅಪ್‌ಡೇಟ್ ಗೋಡೆಯ ತೂತು ಮುಚ್ಚುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನ ಕಂಪ್ಯೂಟರ್‌ಗಳನ್ನು ಒತ್ತೆ ಹಿಡಿದ ವಾನ್ನಾಕ್ರೈ ನುಗ್ಗಿದ ತೂತಿಗೆ ಅದೇ ವರ್ಷದ ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ತೇಪೆ ಬಿಟ್ಟಿತ್ತು. ಹಾಕಿಕೊಂಡವರು ಉಳಿದರು. ತಿಂಗಳ ಎರಡನೇ ಮಂಗಳವಾರ ಈ ತೇಪೆಗಳು ಬರುತ್ತವೆ. ನಮ್ಮ ಗಡಿಯಾರದಲ್ಲಿ ಅದು ಆ ದಿನ ರಾತ್ರಿ, ಹಾಗಾಗಿ ಕಂಪ್ಯೂಟರ್ ‘ರೀಸ್ಟಾರ್ಟ್ ಮಾಡಿ’ ಎಂದು ಪೀಡಿಸುವುದು ಬುಧವಾರದಿಂದ.

ನನ್ನ ಡಿಫೆಂಡರ್ ಅಪ್‌ಡೇಟ್ ಆಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ವಿಂಡೋಸ್ ಸೆಕ್ಯೂರಿಟಿ ತೆರೆದು ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಒತ್ತಿ. ಕೆಳಗೆ ಸರಿಸಿದರೆ ‘ಪ್ರೊಟೆಕ್ಷನ್ ಅಪ್‌ಡೇಟ್ಸ್’ ಎಂಬ ಸಾಲು ಸಿಗುತ್ತದೆ. ಅದನ್ನು ಒತ್ತಿದರೆ ಆವೃತ್ತಿಯ ಸಂಖ್ಯೆ, ಅದು ತಯಾರಾದ ದಿನಾಂಕ, ನಿಮ್ಮ ಕಂಪ್ಯೂಟರಿಗೆ ಬಂದ ದಿನಾಂಕ ಕಾಣುತ್ತವೆ. ‘ಚೆಕ್ ಫಾರ್ ಅಪ್‌ಡೇಟ್ಸ್’ ಕೊಟ್ಟು ಒಂದೆರಡು ನಿಮಿಷ ಕಾಯಿರಿ. ದಿನಾಂಕ ಇವತ್ತಿನದೋ ನಿನ್ನೆಯದೋ ಆಗಿರಬೇಕು. ವಿಂಡೋಸ್‌ನಲ್ಲಿ ಪ್ರದೇಶ ಅಮೆರಿಕ ಎಂದು ಇದ್ದರೆ ತಿಂಗಳು ಮೊದಲು ಬರುತ್ತದೆ: 4/5 ಎಂದರೆ ಮೇ 4 ಅಲ್ಲ, ಏಪ್ರಿಲ್ 5. ಇದರಲ್ಲಿ ಮೋಸಹೋಗಿ ತಿಂಗಳ ಹಿಂದಿನ ಪಟ್ಟಿಯನ್ನು ಹೊಸದೆಂದು ತಿಳಿದವರು ಇದ್ದಾರೆ.

ಬೇರೆ ಆಂಟಿವೈರಸ್ ಆದರೆ, ಗಡಿಯಾರದ ಪಕ್ಕದ ಅದರ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿದರೆ ‘ಅಪ್‌ಡೇಟ್ ನೌ’ ಎಂಬರ್ಥದ ಸಾಲು ಇರುತ್ತದೆ.

‘ಅಪ್‌ಡೇಟ್ ಫೇಲ್ಡ್’ ಎಂದೇ ಬರುತ್ತಿದೆ. ಏನು ಮಾಡಲಿ?

ಮೊದಲು ಗಡಿಯಾರ ನೋಡಿ. ನಗಬೇಡಿ, ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದೇ ಎಷ್ಟೋ ಸಲ ಕಾರಣ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ಬಿಲ್ಲೆಯಾಕಾರದ ಸೆಲ್ ಇರುತ್ತದೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತದೆ. ಅಪ್‌ಡೇಟ್ ಕೊಡುವ ಸರ್ವರ್‌ನ ಪ್ರಮಾಣಪತ್ರ ಆ ತಾರೀಖಿಗೆ ಇನ್ನೂ ಹುಟ್ಟೇ ಇರುವುದಿಲ್ಲ, ಹಾಗಾಗಿ ಸಂಪರ್ಕವೇ ಮುರಿಯುತ್ತದೆ. ತಾರೀಖು ಮುಂದಕ್ಕೆ ಹೋಗಿದ್ದರೆ ಕೊಂಡ ಲೈಸೆನ್ಸ್ ಮುಗಿದಿದೆ ಎಂದು ತೋರಿಸಬಹುದು. ತಾತ್ಕಾಲಿಕವಾಗಿ ಸಮಯ ಸರಿಪಡಿಸಿ, ಆಮೇಲೆ ಸೆಲ್ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಅದು ಸಿಗುತ್ತದೆ. ಬದಲಿಸುವ ಮುನ್ನ ಪ್ಲಗ್ ಕಿತ್ತಿರಬೇಕು.

ಎರಡನೆಯದು ಸಿ ಡ್ರೈವ್. ಕೆಂಪು ಪಟ್ಟಿ ಬಂದಿದ್ದರೆ ಇಳಿದ ಅಪ್‌ಡೇಟ್ ಬಿಚ್ಚಿಕೊಳ್ಳಲು ಜಾಗವಿಲ್ಲ. ಸೆಟ್ಟಿಂಗ್ಸ್‌ನ ಸಿಸ್ಟಮ್, ಸ್ಟೋರೇಜ್‌ನಲ್ಲಿ ‘ಟೆಂಪರರಿ ಫೈಲ್ಸ್’ ತೆಗೆಯಿರಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಮುಂದೆ ಟಿಕ್ ಇದ್ದರೆ ಮೊದಲು ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಮಗಳ ಮದುವೆಯ ಫೋಟೋಗಳೂ ಕಸದ ಜೊತೆ ಹೋದಾವು. ಹತ್ತು ಜಿ.ಬಿ.ಯಷ್ಟು ಜಾಗ ಖಾಲಿಯಿದ್ದರೆ ನೆಮ್ಮದಿ.

ಮೂರನೆಯದು ಮೊಬೈಲ್ ಹಾಟ್‌ಸ್ಪಾಟ್. ಡೇಟಾ ಉಳಿಸಲೆಂದು ಆ ವೈಫೈಯನ್ನು ಯಾರೋ ‘ಮೀಟರ್ಡ್ ಕನೆಕ್ಷನ್’ ಎಂದು ಗುರುತು ಮಾಡಿದ್ದರೆ ವಿಂಡೋಸ್ ದೊಡ್ಡ ಅಪ್‌ಡೇಟ್‌ಗಳನ್ನು ಮುಂದೂಡುತ್ತದೆ. ಡಿಫೆಂಡರ್‌ನ ದಿನನಿತ್ಯದ ಪಟ್ಟಿ ಸಾಮಾನ್ಯವಾಗಿ ವ್ಯತ್ಯಾಸವಷ್ಟನ್ನೇ ತರುವುದರಿಂದ ಚಿಕ್ಕದು. ತಿಂಗಳ ವಿಂಡೋಸ್ ಅಪ್‌ಡೇಟ್ ಮಾತ್ರ ನೂರಾರು ಎಂ.ಬಿ. ಅದನ್ನು ದಿನದ ಡೇಟಾ ಮಿಕ್ಕಿರುವ ರಾತ್ರಿ ಹೊತ್ತಿಗೆ ಕೈಯಾರೆ ಕೊಡುವುದು ಜಾಣತನ.

ನಾಲ್ಕನೆಯದು ಸ್ವಯಂಕೃತ ಅಪರಾಧ. ‘ವಿಂಡೋಸ್ ಅಪ್‌ಡೇಟ್ ನಿಲ್ಲಿಸುವ ಸಾಫ್ಟ್‌ವೇರ್’ ಎಂದು ಯಾರೋ ಕೊಟ್ಟದ್ದನ್ನು ಹಾಕಿದ್ದರೆ ಡಿಫೆಂಡರ್‌ನ ಪಟ್ಟಿಯೂ ನಿಲ್ಲಬಹುದು, ಏಕೆಂದರೆ ಅದು ಸಾಮಾನ್ಯವಾಗಿ ಬರುವುದೂ ಅದೇ ದಾರಿಯಲ್ಲಿ. ಆ ಸಾಧನದಲ್ಲೇ ಮತ್ತೆ ಚಾಲೂ ಮಾಡಿ, ನಂತರ ಅದನ್ನು ತೆಗೆಯಿರಿ.

ಇಷ್ಟೂ ಸರಿಯಿದ್ದು, ಆಂಟಿವೈರಸ್ ಕಂಪನಿಗಳ ಜಾಲತಾಣಗಳು ಮಾತ್ರ ತೆರೆಯದೆ ಬೇರೆಲ್ಲ ತೆರೆದರೆ ಜಾಗ್ರತೆ. ಒಳಗೆ ಕೂತ ವೈರಸ್ಸೇ ದಾರಿ ಮುಚ್ಚಿರಬಹುದು. ಕೆಳಗೆ ಹೇಳಿರುವ ಆಫ್‌ಲೈನ್ ಸ್ಕ್ಯಾನ್ ಮಾಡಿ.

ಇಂಟರ್‌ನೆಟ್ಟೇ ಇಲ್ಲದ ಕಂಪ್ಯೂಟರಿಗೆ ಅಪ್‌ಡೇಟ್ ಹೇಗೆ?

ಇಂಟರ್‌ನೆಟ್ ಇರುವ ಕಡೆ ಮೈಕ್ರೋಸಾಫ್ಟ್‌ನ ಸೆಕ್ಯೂರಿಟಿ ಇಂಟೆಲಿಜೆನ್ಸ್ ಪುಟದಿಂದ ‘ಎಂಪಿಎಎಂ-ಎಫ್‌ಇ’ ಎಂಬ ಫೈಲನ್ನು ಇಳಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ದು, ಡಬಲ್ ಕ್ಲಿಕ್ ಮಾಡಿ. ಅದು ನೂರು ಎಂ.ಬಿ. ಮೀರುತ್ತದೆ. 32 ಬಿಟ್, 64 ಬಿಟ್, ಎಆರ್‌ಎಂ ಎಂದು ಬೇರೆ ಬೇರೆ ಇರುತ್ತವೆ, ತಪ್ಪಾದದ್ದು ಓಡುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ನಿಮ್ಮದು ಯಾವುದೆಂದು ಬರೆದಿರುತ್ತದೆ. ಫೈಲ್ ಓಡಿಸಿದಾಗ ಪರದೆಯ ಮೇಲೆ ಯಾವ ಸಂದೇಶವೂ ಬರುವುದಿಲ್ಲ. ಕೆಟ್ಟಿದೆ ಎಂದು ಹತ್ತು ಸಲ ಒತ್ತಬೇಡಿ, ಪ್ರೊಟೆಕ್ಷನ್ ಅಪ್‌ಡೇಟ್ಸ್‌ನಲ್ಲಿ ತಾರೀಖು ಬದಲಾಯಿತೇ ನೋಡಿ. ಕ್ವಿಕ್ ಹೀಲ್‌ನಂಥ ಕಂಪನಿಗಳೂ ಹೀಗೆ ಕೈಯಲ್ಲಿ ಒಯ್ಯುವ ಅಪ್‌ಡೇಟ್ ಕೊಡುತ್ತವೆ.

ವಿಂಡೋಸ್ 10 ಮುಗಿಯಿತಂತೆ. ಆಂಟಿವೈರಸ್ ಹಾಕಿಕೊಂಡು ಸುಧಾರಿಸಬಹುದೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ. ಅಂದರೆ ಕಾವಲುಗಾರ ಇರುತ್ತಾನೆ, ಗೋಡೆಯ ತೂತು ಮುಚ್ಚುವವರು ಇರುವುದಿಲ್ಲ.

ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಪ್ರಕಟವಾಗಿದೆ. 22ಎಚ್2 ಆವೃತ್ತಿ ಇದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೇರುವ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಖರ್ಚಿಲ್ಲ. ಬೇಡವಾದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್‌ಗೆ ಸಮನಾದ ಹಣ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು.

ವಿಂಡೋಸ್ 7ರ ಕತೆ 2020ರ ಜನವರಿ 14ಕ್ಕೇ ಮುಗಿದಿದೆ. ಕ್ರೋಮ್ ಕೂಡ 109ನೇ ಆವೃತ್ತಿಯ ನಂತರ ಅದನ್ನು ಕೈಬಿಟ್ಟಿತು. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಬೇಡ, ಎಷ್ಟು ದುಬಾರಿ ಆಂಟಿವೈರಸ್ ಇದ್ದರೂ ಸರಿ.

ಆಂಟಿವೈರಸ್ ಇದ್ದರೆ ಕಂಪ್ಯೂಟರ್ ತೆವಳುತ್ತದೆ. ಏನು ದಾರಿ?

ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಮೇಲಿದ್ದರೆ ಡಿಫೆಂಡರ್ ಸ್ಕ್ಯಾನ್ ಮಾಡುತ್ತಿದೆ ಎಂದರ್ಥ. ವಾರಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದಾಗ ಬಾಕಿ ಕೆಲಸವೆಲ್ಲ ಒಮ್ಮೆಗೇ ಮೈಮೇಲೆ ಬೀಳುತ್ತದೆ. ಅರ್ಧ ಗಂಟೆ, ಒಂದು ಗಂಟೆ ಹಾಗೇ ಬಿಡಿ. ಸದಾ ತೆವಳುವುದಾದರೆ ದೋಷ ಬಹುಮಟ್ಟಿಗೆ ಹಳೇ ಹಾರ್ಡ್ ಡಿಸ್ಕಿನದು. ಆಂಟಿವೈರಸ್‌ಗೆ ಕೊಡುವ ದುಡ್ಡನ್ನು ಅದರ ಬದಲು ಕೂರಿಸುವ, ಹೆಚ್ಚು ವೇಗದ ಎಸ್‌ಎಸ್‌ಡಿಗೆ ಹಾಕಿ.

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಫೈಲ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ!

ಆ ಶಾರ್ಟ್‌ಕಟ್‌ಗಳನ್ನು ತೆರೆಯಬೇಡಿ. ತೆರೆದರೆ ನಿಮ್ಮ ಫೈಲೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ಓಡುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಹಿಂದೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಆಟೋರನ್ ಮೂಲಕ ವೈರಸ್ ತಾನೇ ಏಳುತ್ತಿತ್ತು. ವಿಂಡೋಸ್ 7ರಿಂದ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿತು. ಈಗ ಅದಕ್ಕೆ ನಿಮ್ಮ ಡಬಲ್ ಕ್ಲಿಕ್ಕೇ ಬೇಕು.

ನಿಮ್ಮ ಫೈಲ್‌ಗಳು ಅಳಿದಿಲ್ಲ, ಅಡಗಿವೆ. ಡಿಫೆಂಡರ್ ಅಪ್‌ಡೇಟ್ ಮಾಡಿ, ಪೆನ್‌ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಕೊಡಿ. ವಿಂಡೋಸ್ 11ರಲ್ಲಿ ಇದು ‘ಶೋ ಮೋರ್ ಆಪ್ಷನ್ಸ್’ ಒಳಗಿರಬಹುದು. ಫುಲ್ ಸ್ಕ್ಯಾನ್ ಕೊಟ್ಟರೆ ಪೆನ್‌ಡ್ರೈವ್ ತಾನಾಗಿ ಅದರಲ್ಲಿ ಸೇರುವುದಿಲ್ಲ, ಇದನ್ನು ಬೇರೆಯಾಗಿಯೇ ಮಾಡಬೇಕು. ನಂತರ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಿ. ಆಗಲೂ ಕಾಣದಿದ್ದರೆ ‘ಫೋಲ್ಡರ್ ಆಪ್ಷನ್ಸ್’, ‘ವ್ಯೂ’ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಮುಂದಿನ ಟಿಕ್ ತೆಗೆಯಿರಿ. ಹೆಸರೇ ಇಲ್ಲದ ಒಂದು ಫೋಲ್ಡರ್ ಒಳಗೆ ಎಲ್ಲ ಸಿಗುವುದುಂಟು. ಪಿಡಿಎಫ್, ಫೋಟೋ, ವರ್ಡ್ ಫೈಲ್‌ಗಳನ್ನಷ್ಟೇ ನಕಲು ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಆ ಟಿಕ್ ಮತ್ತೆ ಹಾಕುವುದನ್ನು ಮರೆಯಬೇಡಿ.

ಅದೇ ಅಂಗಡಿಗೆ ಮತ್ತೆ ಹೋಗುವುದಿದ್ದರೆ ಬೇರೇನೂ ಇಲ್ಲದ, ಪ್ರಿಂಟ್ ತೆಗೆಸಲಿಕ್ಕೆಂದೇ ಇಟ್ಟ ಒಂದು ಚಿಕ್ಕ ಪೆನ್‌ಡ್ರೈವ್ ಒಯ್ಯಿರಿ.

ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ್ದು ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಆಗುತ್ತಿಲ್ಲ. ವೈರಸ್ಸೇ?

‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಚಾಲೂ ಇದೆಯೇ ನೋಡಿ. ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ತಡೆಯಲೆಂದು, ಡಿಫೆಂಡರ್‌ಗೆ ಪರಿಚಯವಿಲ್ಲದ ಪ್ರೋಗ್ರಾಮ್ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದೆಡೆ ಬರೆಯದಂತೆ ಅದು ತಡೆಯುತ್ತದೆ. ತಾನಾಗಿ ಚಾಲೂ ಇರುವುದಿಲ್ಲ, ಯಾರೋ ಮಾಡಿರುತ್ತಾರೆ. ಒಳ್ಳೆಯ ವ್ಯವಸ್ಥೆಯೇ, ಪೂರ್ತಿ ಆಫ್ ಮಾಡಬೇಡಿ. ‘ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗೆ ‘ಅಲೋ ಆ್ಯನ್ ಆ್ಯಪ್’ ಎಂದು ಶುರುವಾಗುವ ಸಾಲು ಒತ್ತಿ, ಇತ್ತೀಚೆಗೆ ತಡೆದ ಆ್ಯಪ್‌ಗಳ ಪಟ್ಟಿಯಿಂದ ನಿಮ್ಮದನ್ನು ಸೇರಿಸಿ.

ಕನ್ನಡ ಟೈಪಿಂಗ್ ತಂತ್ರಾಂಶಗಳು ಕೀಲಿ ಒತ್ತಿದ್ದನ್ನು ನಡುವೆ ಹಿಡಿದು ಅಕ್ಷರವಾಗಿ ಬದಲಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ಹೀಗೇ ಹಿಡಿಯುತ್ತದೆ. ಆದ್ದರಿಂದ ಆಂಟಿವೈರಸ್ ಅನುಮಾನಪಟ್ಟರೆ ಅಚ್ಚರಿಯಿಲ್ಲ. ಮೂಲ ತಾಣದಿಂದಲೇ ಇಳಿಸಿದ್ದೇ ಎಂದು ಖಚಿತಪಡಿಸಿಕೊಳ್ಳಿ. ಇನ್‌ಸ್ಟಾಲರನ್ನು ವೈರಸ್‌ಟೋಟಲ್ ತಾಣಕ್ಕೆ ಏರಿಸಿದರೆ ಹತ್ತಾರು ಎಂಜಿನ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ. ಒಂದೆರಡು ಮಾತ್ರ ಕೆಂಪಾದರೆ ಸುಳ್ಳು ಕೂಗು ಇರಬಹುದು, ಇಪ್ಪತ್ತು ಕೆಂಪಾದರೆ ಫೈಲ್ ಅಳಿಸಿ. ಅಲ್ಲಿಗೆ ಏರಿಸಿದ್ದು ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ, ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ದಾಖಲೆ ಏರಿಸಬೇಡಿ.

ಆಂಟಿವೈರಸ್‌ಗೂ ತಪ್ಪಾಗುತ್ತದೆ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಎಂದು ತೆಗೆದು ಎಷ್ಟೋ ಕಂಪ್ಯೂಟರ್‌ಗಳನ್ನು ಮಲಗಿಸಿತ್ತು. ‘ಡಿಲೀಟ್’ ಬದಲು ‘ಕ್ವಾರಂಟೈನ್’ ಆರಿಸಿ ಎನ್ನುವುದು ಇದಕ್ಕೇ. ಬೀಗ ಹಾಕಿಟ್ಟದ್ದನ್ನು ‘ಪ್ರೊಟೆಕ್ಷನ್ ಹಿಸ್ಟರಿ’ಯಿಂದ ವಾಪಸ್ ತರಬಹುದು.

ಸಾಫ್ಟ್‌ವೇರ್ ಹಾಕುವಾಗ ‘ಆಂಟಿವೈರಸ್ ಆಫ್ ಮಾಡಿ’ ಎನ್ನುತ್ತದೆ. ಮಾಡಲೇ?

ಕ್ರ್ಯಾಕ್ ಮಾಡಿದ ಫೋಟೋಶಾಪ್, ವಿಂಡೋಸ್ ಆ್ಯಕ್ಟಿವೇಟರ್‌ಗಳು ಹೀಗೆ ಕೇಳುತ್ತವೆ. ಬೇಡ. ಸ್ಟಾಪ್ ಅಥವಾ ಡಿಜೆವು ಎಂಬ ರ‍್ಯಾನ್ಸಮ್‌ವೇರ್ ಮನೆ ಕಂಪ್ಯೂಟರ್‌ಗಳಿಗೆ ಹರಡಿದ್ದೇ ಬಹುತೇಕ ಇಂಥ ಕ್ರ್ಯಾಕ್‌ಗಳ ಬೆನ್ನೇರಿ. ಕಂಪ್ಯೂಟರ್ ಅಸೆಂಬಲ್ ಮಾಡಿಕೊಟ್ಟವರು ಇಂಥದ್ದನ್ನು ಹಾಕಿಕೊಟ್ಟಿರಬಹುದೆಂಬ ಅನುಮಾನವಿದ್ದರೆ ಎರಡು ಕಡೆ ನೋಡಿ. ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್’ ಒಳಗೆ ಕೊನೆಯಲ್ಲಿ ‘ಎಕ್ಸ್‌ಕ್ಲೂಷನ್ಸ್’ ಇದೆ. ನೀವು ಸೇರಿಸದ ಫೋಲ್ಡರ್, ಅದರಲ್ಲೂ ಇಡೀ ಸಿ ಡ್ರೈವ್ ಅಲ್ಲಿದ್ದರೆ ತಕ್ಷಣ ತೆಗೆಯಿರಿ, ಡಿಫೆಂಡರ್ ಅದನ್ನು ನೋಡುವುದೇ ಇಲ್ಲ. ಇನ್ನೊಂದು, ಸ್ವಂತ ಕಂಪ್ಯೂಟರಿನಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂಬರ್ಥದ ಇಂಗ್ಲಿಷ್ ಸಾಲು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಅದು ಸಹಜ. ಮನೆಯದರಲ್ಲಿ ಕಂಡರೆ ಯಾರೋ ಡಿಫೆಂಡರ್‌ನ ಕೈಕಟ್ಟಿದ್ದಾರೆ. ಹೊಸದಾಗಿ ವಿಂಡೋಸ್ ಹಾಕಿಸುವುದೇ ಒಳ್ಳೆಯದು.

‘ನಿಮ್ಮ ಆಂಟಿವೈರಸ್ ಮುಗಿದಿದೆ, 5 ವೈರಸ್ ಸಿಕ್ಕಿವೆ’ ಎಂದು ಮೂಲೆಯಲ್ಲಿ ಬರುತ್ತಲೇ ಇದೆ.

ನೀವು ಹಾಕಿಯೇ ಇರದ ಆಂಟಿವೈರಸ್ ಮುಗಿಯುವುದು ಹೇಗೆ? ಇವು ಬ್ರೌಸರ್ ನೋಟಿಫಿಕೇಷನ್‌ಗಳು. ಯಾವುದೋ ತಾಣದಲ್ಲಿ ‘ಅಲೋ’ ಒತ್ತಿದ್ದೀರಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಪರಿಚಯವಿಲ್ಲದ ತಾಣಗಳನ್ನೆಲ್ಲ ತೆಗೆಯಿರಿ. ಪರದೆ ತುಂಬಿ, ಸೈರನ್ ಕೂಗಿ, ಫೋನ್ ನಂಬರ್ ತೋರಿಸಿದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಮೇಲೆ ಬ್ರೌಸರ್ ಮುಚ್ಚಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆ ನಂಬರಿಗೆ ಕರೆ ಮಾಡಿ ಕಂಪ್ಯೂಟರನ್ನು ದೂರದಿಂದ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸಿಕೊಂಡು ಹಣ ಹೋಗಿದ್ದರೆ, ಮೊದಲು ಇಂಟರ್‌ನೆಟ್ ಕಡಿದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ವೈರಸ್ ಇದೆ ಎಂದು ಖಾತ್ರಿಯಾಗಿದೆ, ತೆಗೆದರೂ ಮತ್ತೆ ಬರುತ್ತದೆ.

‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ (ಆಫ್‌ಲೈನ್ ಸ್ಕ್ಯಾನ್)’ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸ್ಕ್ಯಾನ್ ನಡೆಯುತ್ತದೆ. ವೈರಸ್ ಆಗ ಎದ್ದಿರುವುದಿಲ್ಲವಾದ್ದರಿಂದ ಅಡಗಲಾರದು. ಸುಮಾರು 15 ನಿಮಿಷ ಬೇಕು. ತೆರೆದ ಫೈಲ್‌ಗಳನ್ನು ಮೊದಲು ಸೇವ್ ಮಾಡಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಲೋಡ್ ಶೆಡ್ಡಿಂಗ್ ಹೊತ್ತಲ್ಲಿ ಡೆಸ್ಕ್‌ಟಾಪ್‌ನಲ್ಲಿ ಮಾಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಸ್ವಚ್ಛತಾ ಸಾಧನಗಳಿವೆ.

ಫೈಲ್‌ಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರ ಸೇರಿ ಯಾವುದೂ ತೆರೆಯದಿದ್ದರೆ ಅದು ರ‍್ಯಾನ್ಸಮ್‌ವೇರ್. ವೈಫೈ ಮತ್ತು ಹೊರಗಿನ ಹಾರ್ಡ್ ಡಿಸ್ಕನ್ನು ಕೂಡಲೇ ಕಿತ್ತುಬಿಡಿ. ಬೀಗ ಬಿದ್ದ ಫೈಲ್‌ಗಳನ್ನು ಅಳಿಸಬೇಡಿ. ಡಚ್ ಪೊಲೀಸ್, ಯುರೋಪೋಲ್ ಮೊದಲಾದವರು 2016ರಲ್ಲಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಕೆಲವು ಬಗೆಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ. ಇವತ್ತು ಇಲ್ಲದ ಕೀಲಿ ಮುಂದೊಮ್ಮೆ ಸಿಕ್ಕೀತು.

ಆಂಟಿವೈರಸ್ ನಿಜಕ್ಕೂ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಆಗುತ್ತದೆಯೇ?

ಆಗುತ್ತದೆ. ಐಕಾರ್ ಎಂಬ ಯುರೋಪಿನ ಸಂಸ್ಥೆಯ ತಾಣದಲ್ಲಿ 68 ಅಕ್ಷರಗಳ ಒಂದು ಪರೀಕ್ಷಾ ಫೈಲ್ ಇದೆ. ಅದರಲ್ಲಿ ವೈರಸ್ ಇಲ್ಲ, ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ಸೆಂದೇ ಹಿಡಿಯಬೇಕೆಂಬ ಒಪ್ಪಂದ. ಇಳಿಸುತ್ತಲೇ ಎಚ್ಚರಿಕೆ ಬಂದರೆ ಸರಿ. ಸದ್ದಿಲ್ಲದೆ ಡೌನ್‌ಲೋಡ್ಸ್‌ನಲ್ಲಿ ಕೂತರೆ ‘ರಿಯಲ್-ಟೈಮ್ ಪ್ರೊಟೆಕ್ಷನ್’ ಆಫ್ ಆಗಿದೆ, ಹೋಗಿ ಆನ್ ಮಾಡಿ.

ಮ್ಯಾಕ್, ಲಿನಕ್ಸ್‌ಗೆ?

ಮ್ಯಾಕ್‌ನಲ್ಲಿ ಎಕ್ಸ್‌ಪ್ರೊಟೆಕ್ಟ್ ಎಂಬ ವೈರಸ್ ಕಾವಲು ಒಳಗೇ ಇದೆ, ಆಪಲ್‌ನ ಅಪ್‌ಡೇಟ್ ತಡಮಾಡದಿದ್ದರೆ ಸಾಕು. ಮನೆಯ ಲಿನಕ್ಸ್‌ಗೆ ಸಾಮಾನ್ಯವಾಗಿ ಬೇಡ. ವಿಂಡೋಸ್ ಬಳಸುವವರಿಗೆ ಫೈಲ್ ದಾಟಿಸುತ್ತಿರುವವರು ಕ್ಲ್ಯಾಮ್‌ಎವಿ ಎಂಬ ಉಚಿತ ಆಂಟಿವೈರಸ್ ಹಾಕಿಕೊಂಡು, ಕೊಡುವ ಮುನ್ನ ಒಮ್ಮೆ ಪೆನ್‌ಡ್ರೈವ್ ನೋಡಿ ಕೊಟ್ಟರೆ ಪಕ್ಕದ ಮನೆಯವರಿಗೆ ಉಪಕಾರ.